ಮನೆ, ಮಠ, ತಂಗುದಾಣ: ನಿರಾಶ್ರಿತರ ವಸತಿ ಕುರಿತು ಒಂದು ಧರ್ಮಜಿಜ್ಞಾಸೆ

ಎಲ್ಲವನ್ನೂ ಕಳೆದುಕೊಂಡವರನ್ನು ಕುರಿತು 'ಮನೆ ಮಠ ಕಳೆದುಕೊಂಡರು' ಎನ್ನುವುದು ಕನ್ನಡದ ಹಳೆಯ ರೂಢಿ. ಬಳಸಿ ಬಳಸಿ ಸವೆದಿರುವ ಈ ಜೋಡುನುಡಿಯಲ್ಲಿ ಮನೆಯ ಪಕ್ಕಕ್ಕೆ ಮಠ ಬಂದು ನಿಂತದ್ದು ಬರಿಯ ಅನುಪ್ರಾಸಕ್ಕಾಗಿ ಎಂದು ಹೇಳಿ ಮುಗಿಸಬಹುದಾದರೂ, ಅರ್ಥದ ದೃಷ್ಟಿಯಿಂದಲೂ ಅದು ಅಲ್ಲಿ ಸರಿಯಾಗಿಯೇ ಕುಳಿತಿದೆ: ಮನೆ ಸಂಸಾರಿಯ ನೆಲೆ, ಮಠ ಸಂಸಾರ ತೊರೆದವರ ನೆಲೆ, ಇವೆರಡರಲ್ಲಿ ಒಂದಾದರೂ ಇಲ್ಲದವನು ಸಮಾಜದ ಲೆಕ್ಕಕ್ಕೆ ಸಿಗದ ಮೂರನೆಯವನು. ಈ ಮೂರನೆಯವನನ್ನು ಆಡಳಿತದ ಕನ್ನಡ ನಿರಾಶ್ರಿತ, ನಿರ್ಗತಿಕ, ವಸತಿರಹಿತ ಎಂದು ಕರೆದರೆ, ಬೀದಿಯ ಕನ್ನಡ, ಅವನು ಹುಟ್ಟಿದ್ದು ಅದೇ ಬೀದಿಯಲ್ಲಾದರೂ, 'ಪರದೇಶಿ' ಎನ್ನುತ್ತದೆ. ಮನೆ ಬಿಟ್ಟವರನ್ನು ಇಷ್ಟೊಂದು ಗೌರವಿಸಿದ ಒಂದು ಪರಂಪರೆಯು ಮನೆ ಇಲ್ಲದವರಿಗೆ ಏನನ್ನು ಕೊಡಬೇಕಾಗಿದೆ, ಮತ್ತು ಹಾಗೆ ಕೊಡುವುದನ್ನು ದಾನವೆನ್ನಬೇಕೇ ಅಥವಾ ಬೇರೊಂದು ಹೆಸರಿನಿಂದ ಕರೆಯಬೇಕೇ ಎಂಬುದು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವ ಪ್ರಶ್ನೆ. ಬೀದಿಯಲ್ಲಿ ಮಲಗಿದವರಿಗೂ ಸರ್ಕಾರದ ವಸತಿ ಯೋಜನೆಗಳಿಗೂ ನಡುವೆ ನಿಂತು ದುಡಿಯುವ ಸ್ಥಳೀಯ ಸೇವಾಸಂಸ್ಥೆಗಳ ನಿತ್ಯದ ಕೆಲಸವನ್ನು ಎದುರಿಗಿಟ್ಟುಕೊಂಡು ನೋಡಿದಾಗ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯುವುದಿಲ್ಲ.

ಮನೆಯಿಲ್ಲದಿರುವುದನ್ನು ಒಂದು ಗುಣವೆಂದು ಎಣಿಸಿದ ಮಾತುಗಳು ಭಾರತೀಯ ಧರ್ಮಗ್ರಂಥಗಳಲ್ಲಿ ಹೇರಳವಾಗಿವೆ. ಭಗವದ್ಗೀತೆಯ 12ನೆಯ ಅಧ್ಯಾಯವು ಭಗವಂತನಿಗೆ ಪ್ರಿಯನಾದ ಭಕ್ತನ ಲಕ್ಷಣಗಳನ್ನು ಎಣಿಸುವಾಗ 'ಅನಿಕೇತ', ಅಂದರೆ ನಿಕೇತನ ಅಥವಾ ಮನೆ ಎಂಬುದಿಲ್ಲದವನು, ಎಂಬ ಪದವನ್ನೂ ಸೇರಿಸುತ್ತದೆ. ಬೌದ್ಧರ ಪ್ರವ್ರಜ್ಯೆ ಎಂದರೆ ಅಗಾರದಿಂದ, ಅಂದರೆ ಮನೆಯಿಂದ, ಅನಗಾರಸ್ಥಿತಿಗೆ ಹೋಗುವುದು. ಜೈನರ ತತ್ತ್ವಾರ್ಥಸೂತ್ರವು ವ್ರತಿಗಳನ್ನು ಅಗಾರಿ ಮತ್ತು ಅನಗಾರ ಎಂದೇ ಎರಡಾಗಿ ವಿಂಗಡಿಸುತ್ತದೆ. ಹನ್ನೆರಡನೆಯ ಶತಮಾನದ ವಚನಕಾರರು ನಿಂತದ್ದಕ್ಕೆ ಸ್ಥಾವರವೆಂದೂ ಚಲಿಸುವುದಕ್ಕೆ ಜಂಗಮವೆಂದೂ ಹೆಸರಿಟ್ಟು, ಕಲ್ಲಿನ ಗುಡಿಗಿಂತ ನಡೆದಾಡುವ ಶರಣನ ದೇಹವೇ ಮೇಲೆಂದು ಸಾರಿದರು. ಅರಮನೆ ತೊರೆದು ಹೊರಟ ಅಕ್ಕಮಹಾದೇವಿಯ ಒಂದು ವಚನವು ನಿದ್ದೆಗೆ ಪಾಳುಬಿದ್ದ ಗುಡಿಗಳೇ ಸಾಕೆಂದು ಯಾವ ಅಳುಕೂ ಇಲ್ಲದೆ ಹೇಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು ಅವರು ಅದೇ ಹಳೆಯ ಪದವನ್ನು ಎತ್ತಿಕೊಂಡು 'ಅನಿಕೇತನ' ಎಂಬ ಕವಿತೆಯನ್ನು ಬರೆದಾಗ, ಎಲ್ಲೆಯಿಲ್ಲದ ಚೇತನಕ್ಕೆ ಮನೆ ಒಂದು ಕಟ್ಟು ಎಂಬ ಭಾವ ಶಾಲೆಯ ಮಕ್ಕಳ ಬಾಯಿಗೂ ಬಂದಿತು.

ಈ ಮಾತುಗಳು ಹೊಗಳುವ ಅನಿಕೇತರೆಲ್ಲರಿಗೂ ಸಮಾನವಾದ ಒಂದು ಸಂಗತಿಯಿದೆ: ಇವರೆಲ್ಲ ಮನೆಯನ್ನು ಬಿಟ್ಟವರು, ಬಿಡುವುದಕ್ಕೆ ಮೊದಲು ಮನೆಯಿದ್ದವರು. ತ್ಯಾಗಕ್ಕೆ ಒಂದು ವಸ್ತು ಬೇಕು, ತನ್ನದಲ್ಲದ್ದನ್ನು ಯಾರೂ ತ್ಯಜಿಸಲಾರರು. ಆದುದರಿಂದ ಅನಿಕೇತತ್ವ ಎಂಬ ಗುಣವು ನಿಕೇತನದ ಆಚೆಗೆ ಇರುವಂಥದೇ ಹೊರತು ಅದರ ಈಚೆಗೆ ಇರುವಂಥದಲ್ಲ. ಅಕ್ಕ ಮಲಗಿದ ಪಾಳುಗುಡಿಯೂ, 2011ರ ಜನಗಣತಿಯು ವಸತಿರಹಿತ ಕುಟುಂಬ ಎಂಬುದನ್ನು ವಿವರಿಸುವಾಗ ರಸ್ತೆಬದಿ, ಕಾಲುದಾರಿ, ಹ್ಯೂಮ್ ಪೈಪು, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರಂಗಳ ಜೊತೆಗೆ ಪಟ್ಟಿಮಾಡಿದ ಪೂಜಾಸ್ಥಳಗಳ ಬಯಲು ಮತ್ತು ಮಂಟಪಗಳೂ ಭೌತಿಕವಾಗಿ ಒಂದೇ ಜಾಗ. ಆದರೂ ಅಲ್ಲಿ ಮಲಗಿದ ಇಬ್ಬರು ಒಂದೇ ಸ್ಥಿತಿಯಲ್ಲಿಲ್ಲ, ಏಕೆಂದರೆ ಒಬ್ಬರದು ವ್ರತ, ಇನ್ನೊಬ್ಬರದು ಪಾಡು. ಈ ಭೇದವನ್ನು ಶಾಸ್ತ್ರಕ್ಕಿಂತ ಖಚಿತವಾಗಿ ಕಾನೂನು ಬರೆದಿಟ್ಟಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮವು ಸಾರ್ವಜನಿಕ ಸ್ಥಳದಲ್ಲಿ ಬೇಡುವವನನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸುವ ಅಧಿಕಾರವನ್ನು ಕೊಡುವಾಗಲೇ, ಧಾರ್ಮಿಕ ಹರಕೆ ಅಥವಾ ವ್ರತದ ಪ್ರಕಾರ ಭಿಕ್ಷೆ ಎತ್ತುವವರನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದೇ ಕೈ, ಅದೇ ಜೋಳಿಗೆ. ಹರಕೆಯಿದ್ದರೆ ಪಾದಕ್ಕೆ ನಮಸ್ಕಾರ, ಇಲ್ಲದಿದ್ದರೆ ವ್ಯಾನು. ಬೆಂಗಳೂರಿನ ಮಾಗಡಿ ರಸ್ತೆಯ ಅಂಥ ಒಂದು ಕೇಂದ್ರವನ್ನು ಜನ 'ಬೆಗ್ಗರ್ಸ್ ಕಾಲೋನಿ' ಎಂದೇ ಕರೆಯುತ್ತ ಬಂದಿದ್ದಾರೆ, ಸರ್ಕಾರ ಅದಕ್ಕೆ ಇಟ್ಟಿರುವ ಹೆಸರು ನಿರಾಶ್ರಿತರ ಪರಿಹಾರ ಕೇಂದ್ರ ಎಂದಿದ್ದರೂ.

ವಸತಿ ಕೊಡುವ ಪದ್ಧತಿ ಈ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಕನ್ನಡದಲ್ಲಿ ಜಿನಾಲಯಕ್ಕೆ ಇರುವ 'ಬಸದಿ' ಎಂಬ ಹೆಸರೇ ಸಂಸ್ಕೃತದ 'ವಸತಿ' ಎಂಬುದರ ತದ್ಭವ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನು ಮಾಡಬೇಕಾದ ನಾಲ್ಕು ದಾನಗಳನ್ನು ಹೇಳುವಾಗ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ, ಅಂದರೆ ಇರಲು ಸ್ಥಳವನ್ನೂ, ಎಣಿಸುತ್ತದೆ. ಆದರೆ ಈ ಆವಾಸದಾನವು ಮುಖ್ಯವಾಗಿ ಮನೆ ತೊರೆದ ಮುನಿಗಳ ಸೇವೆ. ಇನ್ನೊಂದು ಕಡೆ ಧರ್ಮಛತ್ರಗಳಿವೆ. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು 1903ರಲ್ಲಿ ಕಟ್ಟಿಸಿದ ಛತ್ರವು ಆ ಔದಾರ್ಯದ ದೊಡ್ಡ ನಿದರ್ಶನ. ಛತ್ರದ ಕಲ್ಪನೆಯೊಳಗೆ ಮಾತ್ರ ಒಂದು ಗೃಹೀತವಿದೆ: ಬಂದವನು ಪ್ರಯಾಣಿಕ, ಅವನಿಗೆ ಬೇರೆಲ್ಲೋ ಒಂದು ಮನೆಯಿದೆ, ಎರಡು ಮೂರು ದಿನಗಳಲ್ಲಿ ಅವನು ಹೊರಡುತ್ತಾನೆ. ಅತಿಥಿ ಎಂಬ ಪದವನ್ನು ಮನುಸ್ಮೃತಿಯ ಮೂರನೆಯ ಅಧ್ಯಾಯವು ಬಿಡಿಸುವುದೂ ಹೀಗೆಯೇ, ಒಂದು ರಾತ್ರಿ ಮಾತ್ರ ಇರುವವನು, ಇರವು ನಿತ್ಯವಲ್ಲದವನು ಎಂದು. ಅದೂ ಅಲ್ಲಿನ ಮಾತು ಬ್ರಾಹ್ಮಣ ಅತಿಥಿಯನ್ನು ಕುರಿತದ್ದು. ಎರಡನೆಯ ಬೆಳಗ್ಗೆಯೂ ಹೊರಡದವನಿಗೆ, ಹೊರಡಲು ಊರೇ ಇಲ್ಲದವನಿಗೆ, ಅತಿಥಿಧರ್ಮದಲ್ಲಿ ಹೆಸರಿಲ್ಲ. ಇಂದಿನ ನಗರಪಾಲಿಕೆಗಳು ಬೀದಿಯಲ್ಲಿ ಮಲಗುವವರಿಗಾಗಿ ತೆರೆದಿರುವ ಕಟ್ಟಡವನ್ನು 'ತಂಗುದಾಣ' ಎಂದು ಕರೆಯುವಾಗ ಛತ್ರದ ಈ ಗೃಹೀತವೂ ಹೆಸರಿನ ಜೊತೆ ಒಳಬಂದಿದೆ: ತಂಗುವುದೆಂದರೆ ಸ್ವಲ್ಪ ಹೊತ್ತು ನಿಲ್ಲುವುದು, ನೆಲಸುವುದಲ್ಲ.

ತಂಗುವುದರಿಂದ ನೆಲಸುವುದಕ್ಕೆ ದಾಟುವ ಈ ದಾರಿಯಲ್ಲೇ ಸೇವಾಸಂಸ್ಥೆಗಳ ಕೆಲಸವಿರುವುದು. 2011ರ ಫೆಬ್ರವರಿ 28ರ ರಾತ್ರಿ ಜನಗಣತಿಯವರು ಎಣಿಸಿದ ಲೆಕ್ಕದಂತೆ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ವಸತಿರಹಿತರಿದ್ದರು. ಕತ್ತಲಲ್ಲಿ ಒಂದೇ ರಾತ್ರಿ ನಡೆಸಿದ ಎಣಿಕೆಗೆ ಸಿಗದವರು ಇನ್ನೆಷ್ಟೋ. ಅದರ ಹಿಂದಿನ ವರ್ಷ ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿಯೇ ತಂಗುದಾಣಗಳ ವಿಷಯವನ್ನು ಎತ್ತಿಕೊಂಡು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಸಾಲುವ, ಹಗಲೂ ರಾತ್ರಿಯೂ ತೆರೆದಿರುವ, ತಲೆಗೆ 50 ಚದರ ಅಡಿಯ ಜಾಗವಿರುವ ಆಶ್ರಯಗಳನ್ನು ಕಟ್ಟಬೇಕೆಂದು ಮಾರ್ಗಸೂಚಿ ಹೊರಡಿಸಿತು. ಇಂಥ ಕಟ್ಟಡಗಳನ್ನು ಅನೇಕ ಕಡೆ ನಡೆಸುವುದು ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡ ಸ್ಥಳೀಯ ಸಂಸ್ಥೆ. ಅದರ ಕಾರ್ಯಕರ್ತರು ಬೆಂಗಳೂರಿನಲ್ಲಾದರೆ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಮೆಜೆಸ್ಟಿಕ್ ಸುತ್ತಮುತ್ತ ಅಂಗಡಿಗಳ ಷಟರ್ ಇಳಿದ ಮೇಲೆ ಹೊರಟು, ಕೈಗಾಡಿಗಳ ಮೇಲೂ ಮೆಟ್ಟಿಲುಗಳ ಮೇಲೂ ಮಲಗಿದವರನ್ನು ಮಾತನಾಡಿಸುತ್ತಾರೆ. ಮೊದಲ ರಾತ್ರಿಗೇ ಎದ್ದು ಬರುವವರು ಕಡಿಮೆ, ಏಕೆಂದರೆ ರಾತ್ರಿ ಬಂದು ಎಬ್ಬಿಸುವವರೆಂದರೆ ಪೊಲೀಸರು ಅಥವಾ ಭಿಕ್ಷುಕರನ್ನು ಹಿಡಿಯುವವರು ಎಂಬುದು ಬೀದಿಯ ಅನುಭವ.

ಚಾಪೆ ಹಂಚುವುದು ಈ ಕೆಲಸದ ಸುಲಭದ ಭಾಗ, ಕಾಗದದ ಕೆಲಸವೇ ಕಷ್ಟದ್ದು. ಮನೆಯ ಸಹಾಯ ಪಡೆಯಲು ಗುರುತಿನ ಚೀಟಿ ಬೇಕು, ಗುರುತಿನ ಚೀಟಿಗೆ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು. ನ್ಯಾಯಶಾಸ್ತ್ರದವರು ಅನ್ಯೋನ್ಯಾಶ್ರಯ ಎನ್ನುವ ದೋಷ, ಅಂದರೆ ಎರಡು ಸಂಗತಿಗಳು ಒಂದನ್ನೊಂದು ಕಾದು ಕುಳಿತು ಎರಡೂ ಸಿದ್ಧಿಸದೆ ಹೋಗುವ ದೋಷ, ಸರ್ಕಾರಿ ಕೌಂಟರಿನ ಎದುರು ಹೀಗೆ ಮೂರ್ತಿವೆತ್ತು ನಿಂತಿರುತ್ತದೆ. ಯೋಜನೆಗಳ ಭಾಷೆಯೂ ಈ ಮೂರನೆಯವನನ್ನು ಹಿಡಿಯುವಷ್ಟು ಕೆಳಗೆ ಇಳಿಯುವುದಿಲ್ಲ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಫಲಾನುಭವಿ ತಾನೇ ಕಟ್ಟಿಕೊಳ್ಳುವ ಮನೆಗೆ ನಿವೇಶನ ಅವನದಾಗಿರಬೇಕಿತ್ತು, ಪಾಲುದಾರಿಕೆಯಲ್ಲಿ ಕಟ್ಟಿದ ಮನೆಗೆ ಅವನ ಪಾಲಿನ ಹಣ ಬೇಕಿತ್ತು. ಬಸವಣ್ಣನವರ ಹೆಸರು ಹೊತ್ತ ರಾಜ್ಯದ ವಸತಿ ಯೋಜನೆಯೂ ಕೈಯಲ್ಲಿ ಹಕ್ಕುಪತ್ರವಿರುವ ಬಡವನನ್ನೇ ಮೊದಲು ಕಾಣುತ್ತದೆ. ಕಡತದ 'ವಸತಿರಹಿತ' ಎಂದರೆ ಬಹುಮಟ್ಟಿಗೆ ನಿವೇಶನವಿದ್ದು ಮನೆಯಿಲ್ಲದವನು, ಅಥವಾ ಗುಡಿಸಲಿನಲ್ಲಿರುವವನು. ಕೈಗಾಡಿಯ ಮೇಲೆ ಮಲಗಿದವನು ಆ ಬಡತನಕ್ಕೂ ಇನ್ನೂ ಏರಿಲ್ಲ.

ಈ ಸುಳಿಯನ್ನು ಬಿಡಿಸುವ ಉಪಾಯಗಳು ನಿಯಮಗಳಲ್ಲೇ ಅಲ್ಲಲ್ಲಿ ಅಡಗಿವೆ, ಅವನ್ನು ಬಲ್ಲವರು ಬೇಕು ಅಷ್ಟೆ. ಆಧಾರ್ ನೋಂದಣಿಯಲ್ಲಿ ಯಾವ ದಾಖಲೆಯೂ ಇಲ್ಲದವರ ಪರವಾಗಿ, ಅಧಿಕೃತವಾಗಿ ನೇಮಕಗೊಂಡ ಪರಿಚಯಿಸುವವರೊಬ್ಬರು ಮಾತು ಕೊಡಬಹುದು. ಮಾನ್ಯತೆ ಪಡೆದ ಆಶ್ರಯಗೃಹದ ಮುಖ್ಯಸ್ಥರು ಕೊಟ್ಟ ಪ್ರಮಾಣಪತ್ರವನ್ನು ವಿಳಾಸಕ್ಕೆ ಆಧಾರವಾಗಿ ಸ್ವೀಕರಿಸುವ ಅವಕಾಶವೂ ಇದೆ. ಇವೆಲ್ಲಕ್ಕಿಂತ ಅರ್ಥಪೂರ್ಣವಾದದ್ದು ಚುನಾವಣಾ ಆಯೋಗದ ಒಂದು ನಿಯಮ. ಮನೆಯಿಲ್ಲದವನು ಮತದಾರರ ಪಟ್ಟಿಗೆ ಸೇರಲು 6ನೆಯ ನಮೂನೆಯಲ್ಲಿ ತಾನು ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಆಗ ಮತಗಟ್ಟೆ ಮಟ್ಟದ ಅಧಿಕಾರಿಯು ರಾತ್ರಿಯ ವೇಳೆ ಆ ಜಾಗಕ್ಕೆ ಹೋಗಿ ಅವನು ನಿಜವಾಗಿ ಅಲ್ಲಿ ಮಲಗಿರುವನೇ ಎಂದು ನೋಡಬೇಕು, ಒಂದು ರಾತ್ರಿಯಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ ನೋಡಬೇಕು, ಮಲಗಿದ್ದರೆ ಬೇರೆ ಯಾವ ದಾಖಲೆಯನ್ನೂ ಕೇಳಕೂಡದು. ಕಾಗದವನ್ನು ನಂಬಿ ಬದುಕುವ ರಾಜ್ಯವ್ಯವಸ್ಥೆಯು ಇಲ್ಲಿ ಒಂದು ಗಳಿಗೆಯ ಮಟ್ಟಿಗೆ ಕಣ್ಣನ್ನು ನಂಬುತ್ತದೆ, ಮಲಗಿದ ದೇಹವನ್ನೇ ದಾಖಲೆಯೆಂದು ಒಪ್ಪಿಕೊಳ್ಳುತ್ತದೆ. ಒಂದು ರಾತ್ರಿ ಇದ್ದವನು ಅತಿಥಿ ಎಂದು ಸ್ಮೃತಿ ಹೇಳಿದರೆ, ಎರಡನೆಯ ರಾತ್ರಿಯೂ ಇದ್ದವನು ನಿವಾಸಿ ಎಂದು ಈ ನಿಯಮ ಹೇಳುತ್ತಿದೆ. ಅಧಿಕಾರಿಯನ್ನು ಆ ಜಾಗಕ್ಕೆ ಕರೆತರುವುದು, ಅವರು ಬರುವ ರಾತ್ರಿ ಮಲಗುವವನು ಬೇರೆ ಕಡೆ ಹೋಗದಂತೆ ನೋಡಿಕೊಳ್ಳುವುದು, ಬರದಿದ್ದರೆ ಮತ್ತೆ ಅರ್ಜಿ ಹಾಕುವುದು ಇವೆಲ್ಲ ಸಂಸ್ಥೆಯವರ ಪಾಲಿಗೆ ಬರುವ ಕೆಲಸಗಳು. ಇಲ್ಲಿ ಅವರು ತಮ್ಮ ಕಿಸೆಯಿಂದ ಏನನ್ನೂ ಕೊಡುತ್ತಿಲ್ಲ. ಇವನು ಇಲ್ಲಿದ್ದಾನೆ ಎಂದು ಹೇಳುತ್ತಿದ್ದಾರೆ. ಅವರ ಸ್ಥಾನ ದಾತನದಲ್ಲ, ಸಾಕ್ಷಿಯದು.

ಇದ್ದಾನೆ ಎಂಬುದಕ್ಕೂ ಎಲ್ಲಿದ್ದಾನೆ ಎಂಬುದಕ್ಕೂ ಇರುವ ನಂಟನ್ನು ವ್ಯಾಕರಣ ಚೆನ್ನಾಗಿ ಬಲ್ಲದು. ಕ್ರಿಯೆಗೆ ಆಧಾರವಾದುದನ್ನು ಪಾಣಿನಿ ಅಧಿಕರಣವೆಂದು ಕರೆದು ಕಾರಕಗಳಲ್ಲಿ ಸೇರಿಸಿದನು. ಅದನ್ನು ಸೂಚಿಸುವ ಸಪ್ತಮೀ ವಿಭಕ್ತಿಗೆ ಹಳಗನ್ನಡದಲ್ಲಿರುವ ಪ್ರತ್ಯಯ 'ಒಳ್', ಅಂದರೆ ಕನ್ನಡದ ಕಿವಿಗೆ 'ಎಲ್ಲಿ' ಎಂಬ ಪ್ರಶ್ನೆಯ ಹಳೆಯ ಉತ್ತರವೇ 'ಒಳಗೆ'. ಅಮೆರಿಕದಲ್ಲಿ ಪಾಠ ಹೇಳಿದ ಜೆರೆಮಿ ವಾಲ್ಡ್ರನ್ ಎಂಬ ತತ್ತ್ವಜ್ಞಾನಿ 1991ರ ಒಂದು ಲೇಖನದಲ್ಲಿ ಬೇರೊಂದು ದಾರಿಯಿಂದ ಇಲ್ಲಿಗೇ ಬಂದರು: ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಎಲ್ಲೋ ಒಂದು ಕಡೆ ಮಾಡಬೇಕು, ಖಾಸಗಿ ಜಾಗವೆಲ್ಲ ಇತರರದಾಗಿ, ಸಾರ್ವಜನಿಕ ಜಾಗದಲ್ಲಿ ಮಲಗುವುದು, ಮೀಯುವುದು, ಮೂತ್ರ ಮಾಡುವುದು ಅಪರಾಧವಾದರೆ, ಯಾವ ಜಾಗವೂ ಇಲ್ಲದವನಿಗೆ ಆ ಕೆಲಸಗಳನ್ನು ಮಾಡುವ ಸ್ವಾತಂತ್ರ್ಯವೇ ಇಲ್ಲವೆಂದಾಯಿತು. ಸುಪ್ರೀಂ ಕೋರ್ಟ್ 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಸೂರೆಂದರೆ ಜೀವರಕ್ಷಣೆಯಷ್ಟೇ ಅಲ್ಲ, ಮನುಷ್ಯ ದೇಹದಿಂದಲೂ ಬುದ್ಧಿಯಿಂದಲೂ ಆಧ್ಯಾತ್ಮಿಕವಾಗಿಯೂ ಬೆಳೆಯಬಹುದಾದ ಮನೆ ಎಂಬ ಅರ್ಥದ ಮಾತು ಹೇಳಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸಂಧ್ಯಾವಂದನೆಯೋ ನಮಾಜೋ ಇಷ್ಟಲಿಂಗಪೂಜೆಯೋ, ಮಾಡುವವನು ಮೊದಲು ಕೈಕಾಲು ತೊಳೆಯಬೇಕು, ತೊಳೆಯಲು ನೀರೂ ಮರೆಯೂ ಬೇಕು.

ಹಾಗಾದರೆ ಮನೆ ಕೊಡುವುದು ಯಾವ ಬಗೆಯ ಧರ್ಮ? ದಾನದ ಶಾಸ್ತ್ರವು ಪಾತ್ರವನ್ನು, ಅಂದರೆ ಪಡೆಯುವವನ ಯೋಗ್ಯತೆಯನ್ನು, ನೋಡು ಎನ್ನುತ್ತದೆ. ಅಪಾತ್ರದಾನಕ್ಕೆ ಫಲವಿಲ್ಲವೆಂಬುದು ಮನೆಮಾತು. ಬೀದಿಯವನ ವಿಷಯದಲ್ಲಿ ಈ ಪಾತ್ರವಿಚಾರ ಯಾವಾಗಲೂ ಮುಂದೆ ಬಂದು ನಿಲ್ಲುತ್ತದೆ: ಅವನು ಕುಡಿಯುತ್ತಾನೆ, ಕೊಟ್ಟ ಕಂಬಳಿಯನ್ನು ಮಾರುತ್ತಾನೆ, ಮೊದಲು ಸರಿಹೋಗಲಿ, ಆಮೇಲೆ ನೋಡೋಣ. ಆದರೆ ಶತಪಥಬ್ರಾಹ್ಮಣದ ಮೊದಲ ಕಾಂಡದಲ್ಲಿ ಬೇರೊಂದು ಎಣಿಕೆಯಿದೆ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳು ಎಲ್ಲರಿಗೂ ಗೊತ್ತಿರುವವು. ಆ ಗ್ರಂಥ ಇವುಗಳ ಜೊತೆಗೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನು ಹೇಳುತ್ತದೆ, ಮತ್ತು ಅದು ತೀರುವ ಬಗೆ ಮನುಷ್ಯರಿಗೆ ವಾಸವನ್ನೂ ಅನ್ನವನ್ನೂ ಕೊಡುವುದರಿಂದ ಎನ್ನುತ್ತದೆ. ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ವಸತಿ ಕೇಳಿ ಬಂದ ಯಾರನ್ನೂ ನಿರಾಕರಿಸದಿರುವುದನ್ನು ವ್ರತವೆಂದು ವಿಧಿಸುತ್ತದೆ. ಅಲ್ಲಿ ವ್ರತ ಬೀದಿಯಲ್ಲಿ ನಿಂತವನದಲ್ಲ, ಬಾಗಿಲಲ್ಲಿ ನಿಂತವನದು. ಪ್ರಚಾರದಲ್ಲಿ ಮೂರು ಋಣಗಳು ಉಳಿದು ನಾಲ್ಕನೆಯದು ಮರೆಯಾದದ್ದು, ಅದನ್ನು ತೀರಿಸುವ ಖರ್ಚು ಹೆಚ್ಚೆಂಬ ಕಾರಣಕ್ಕೋ ಏನೋ. ದಾನಕ್ಕೂ ಋಣಕ್ಕೂ ಇರುವ ವ್ಯತ್ಯಾಸ ವ್ಯವಹಾರದಲ್ಲಿ ಎಲ್ಲರಿಗೂ ತಿಳಿದದ್ದೇ: ಸಾಲ ಕೊಟ್ಟವನು ಕುಡಿಯುತ್ತಾನೆಂದು ಅವನ ಸಾಲವನ್ನು ಯಾರೂ ತಡೆಹಿಡಿಯುವಂತಿಲ್ಲ, ಅವನ ಪಾತ್ರತ್ವ ಅಲ್ಲಿ ವಿಚಾರಕ್ಕೇ ಬರುವುದಿಲ್ಲ.

1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಆರಂಭಿಸಿದ, ಮುಂದೆ 'ಹೌಸಿಂಗ್ ಫಸ್ಟ್' ಎಂದು ಹೆಸರಾದ ಪದ್ಧತಿಯ ತಿರುಳು, ಅವರಿಗೆ ಶತಪಥ ಗೊತ್ತಿರಬೇಕಿಲ್ಲದಿದ್ದರೂ, ಇದೇ. ಚಿಕಿತ್ಸೆ ಮುಗಿಸಿ, ಚಟ ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಯೋಗ್ಯತೆ ಗಳಿಸಿದವನಿಗೆ ಕೊನೆಯಲ್ಲಿ ಮನೆ ಎಂಬ ಹಳೆಯ ಕ್ರಮವನ್ನು ತಿರುಗಿಸಿ, ಅವರು ಮೊದಲು ಮನೆ, ಉಳಿದದ್ದು ಆಮೇಲೆ ಎಂದರು. ಫಿನ್ಲೆಂಡ್ ದೇಶವು ಇದನ್ನು ತನ್ನ ರಾಷ್ಟ್ರನೀತಿಯಾಗಿಯೇ ತೆಗೆದುಕೊಂಡು, ಅನೇಕ ತಂಗುದಾಣಗಳನ್ನು ಬಾಡಿಗೆ ಮನೆಗಳನ್ನಾಗಿ ಮಾರ್ಪಡಿಸಿತು. ಈ ವಾದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಕಟ್ಟಿದ ಮನೆಗಳು ಕಡಿಮೆಯಿದ್ದು ಕೇಳುವವರು ಹೆಚ್ಚಿದ್ದಾಗ ಯಾರಿಗೆ ಮೊದಲು ಎಂಬ ಪ್ರಶ್ನೆ ಬಂದೇ ಬರುತ್ತದೆ, ಆಗ ಪಾತ್ರವಿಚಾರ ಹಿಂದಿನ ಬಾಗಿಲಿನಿಂದ ಒಳಗೆ ನುಸುಳುತ್ತದೆ. ಋಣಿ ಯಾರು, ಪ್ರತಿಯೊಬ್ಬ ಗೃಹಸ್ಥನೋ ಸರ್ಕಾರವೋ ಎಂಬುದೂ ಇತ್ಯರ್ಥವಾಗಿಲ್ಲ, ಮತ್ತು ಸಂಸ್ಥೆಗಳು ಚೆನ್ನಾಗಿ ದುಡಿದಷ್ಟೂ ನಿಜವಾದ ಸಾಲಗಾರನು ನಿಶ್ಚಿಂತೆಯಿಂದ ಇರುತ್ತಾನೆ ಎಂಬ ಸಂಕಟವೂ ಇದೆ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಮನುಷ್ಯಋಣದ ಮಾತನ್ನು ಪವಿತ್ರವೆಂದು ಕಾಪಾಡಿಕೊಂಡು ಬಂದ ಸಮಾಜವೇ ಊರು ಬೇರೆ ಕೇರಿ ಬೇರೆ ಮಾಡಿತು, ಛತ್ರಗಳನ್ನೂ ಹಲವೆಡೆ ಜಾತಿಗೊಂದರಂತೆ ಕಟ್ಟಿತು, ಇಂದಿಗೂ ಬಾಡಿಗೆಗೆ ಕೊಡುವ ಮೊದಲು ಹೆಸರಿನ ಹಿಂದಿರುವ ಕುಲವನ್ನು ಹುಡುಕುತ್ತದೆ. 'ಮನುಷ್ಯರು' ಎಂಬ ಬಹುವಚನದೊಳಗೆ ಯಾರು ಯಾರು ಇದ್ದರೆಂಬುದನ್ನು ಕೇಳದೆ ಆ ವಾಕ್ಯವನ್ನು ಕೊಂಡಾಡುವುದು ಪ್ರಾಮಾಣಿಕ ಓದಾಗದು. ವಾಕ್ಯದ ಬಲ ಇರುವುದು ಅದು ಹುಟ್ಟಿದ ಕಾಲದ ಆಚರಣೆಯಲ್ಲಲ್ಲ, ಅದು ಬಳಸಿದ 'ಋಣ' ಎಂಬ ಪದದಲ್ಲಿ.

ಚೆನ್ನೈ ನಗರದಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬಿಬ್ಬರು ತರುಣಿಯರು ಆರಂಭಿಸಿದ ದಿ ಬ್ಯಾನಿಯನ್ ಸಂಸ್ಥೆಯು ಮನೋರೋಗದಿಂದ ಬೀದಿಗೆ ಬಿದ್ದ ಹೆಂಗಸರಿಗಾಗಿ ಮೊದಲು ಕಟ್ಟಿದ್ದು 'ಅಡೈಕಲಂ' ಎಂಬ ಆಶ್ರಯವನ್ನು. ತಮಿಳಿನ ಆ ಪದಕ್ಕೆ ಶರಣು, ಆಸರೆ ಎಂದು ಅರ್ಥ. ಗುಣವಾದವರಲ್ಲಿ ಬಹಳ ಮಂದಿ ತಮ್ಮ ಊರಿಗೆ ಮರಳಿದರೂ, ಮರಳಲು ಮನೆಯಿಲ್ಲದವರು ಆಶ್ರಯದಲ್ಲೇ ವರ್ಷಗಟ್ಟಲೆ ಉಳಿದುಬಿಟ್ಟರು. ತಂಗುದಾಣವನ್ನೇ ಇನ್ನಷ್ಟು ಒಳ್ಳೆಯದು ಮಾಡುವುದರಿಂದ ಈ ತೊಡಕು ಬಿಡದೆಂದು ಕಂಡುಕೊಂಡ ಸಂಸ್ಥೆಯು ಸುಮಾರು 2015ರಿಂದ 'ಹೋಮ್ ಅಗೇನ್' ಎಂಬ ಹೆಸರಿನಲ್ಲಿ ಸಾಮಾನ್ಯ ಬೀದಿಗಳಲ್ಲಿ ಬಾಡಿಗೆಗೆ ಮನೆ ಹಿಡಿದು, ನಾಲ್ಕೈದು ಹೆಂಗಸರು ಒಟ್ಟಾಗಿ ಇರುವಂತೆ ಮಾಡಿತು; ನೆರವಿಗೆ ಒಬ್ಬ ಸಹಾಯಕಿ ಇರುತ್ತಾಳೆ, ಔಷಧ ನೋಡಿಕೊಳ್ಳುವವರು ಬಂದು ಹೋಗುತ್ತಾರೆ. ಮಾಲೀಕರನ್ನು ಒಪ್ಪಿಸುವುದು, ನೆರೆಯವರ ಅಂಜಿಕೆಯನ್ನು ಕರಗಿಸುವುದು ಇಂಥ ಮನೆಗಳ ವಿಷಯದಲ್ಲಿ ಔಷಧದಷ್ಟೇ ಮುಖ್ಯವಾದ ಕೆಲಸ. ಆಶ್ರಯದಲ್ಲಿ ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ನಿದ್ದೆ. ಈ ಮನೆಗಳಲ್ಲಿ ಇವತ್ತು ಸಾರೋ ಹುಳಿಯೋ, ದೀಪ ಎಷ್ಟು ಹೊತ್ತಿಗೆ ಆರಿಸುವುದು, ದೇವರ ಪಟವನ್ನು ಯಾವ ಗೋಡೆಗೆ ಹಾಕುವುದು ಎಂಬುದೆಲ್ಲ ಇರುವವರ ಮಾತಿಗೆ ಬಿಟ್ಟದ್ದು. ಬಾಗಿಲು ಬಡಿದ ಸದ್ದು ಕೇಳಿದರೆ ಎದ್ದು ಹೋಗಿ ಯಾರೆಂದು ನೋಡುವವರೂ, ಒಳಗೆ ಬನ್ನಿ ಎನ್ನಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ.